ಬಂಗಾಳಕ್ಕೆ ಇಟಲಿಯ ಅಳತೆಗೋಲು

ಊರಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ಕೋಲ್ಕತ್ತದ ಕಾಲೇಜ್ ಸ್ಟ್ರೀಟಿಗೆ ಕರೆದೊಯ್ದು, ‘ಭಾರತದ ರಿನೈಸಾನ್ಸ್ ಹುಟ್ಟಿದ್ದು ಇಲ್ಲೇ’ ಎಂದು ಹೇಳುವುದು ನನ್ನ ರೂಢಿ. ಆ ಮಾತನ್ನು ನಾನು ಕಲಿತದ್ದು ಸುಶೋಭನ್ ಸರ್ಕಾರ್ ಅವರ ‘ನೋಟ್ಸ್ ಆನ್ ದ ಬೆಂಗಾಲ್ ರಿನೈಸಾನ್ಸ್’ನಿಂದ. 1946ರಲ್ಲಿ ಅಮಿತ್ ಸೇನ್ ಎಂಬ ಹೆಸರಿನಲ್ಲಿ ಬಂದ ಪುಟ್ಟ ಪುಸ್ತಕ ಅದು. ಯುರೋಪು ಮಧ್ಯಯುಗದಿಂದ ಹೊಸ ಯುಗಕ್ಕೆ ದಾಟುವಾಗ ಇಟಲಿಗಿದ್ದ ಸ್ಥಾನವೇ ಭಾರತದ ಎಚ್ಚರದಲ್ಲಿ ಬಂಗಾಳಕ್ಕಿದೆ ಎಂಬುದು ಅದರ ವಾದ. ಈಚೆಗೆ ಮತ್ತೆ ಓದಿದಾಗ ಆ ಹೋಲಿಕೆಯ ಬಗ್ಗೆಯೇ ಅನುಮಾನ ಹುಟ್ಟಿತು.

ನಮ್ಮ ಕೆಲಸದಲ್ಲಿ ಒಂದು ಆಮಿಷವಿದೆ: ಹಿಂದಿನ ಪ್ರಾಜೆಕ್ಟಿನ ಪ್ಲಾನ್ ನಕಲು ಮಾಡಿ ಹೆಸರು ಬದಲಿಸುವುದು. ಹಂತಗಳೆಲ್ಲ ಹೊಂದಿಕೊಳ್ಳುತ್ತವೆ. ದುಡ್ಡು ಯಾರದು, ತೀರ್ಮಾನ ಯಾರ ಕೈಯಲ್ಲಿದೆ ಎಂಬಲ್ಲಿ ಎಡವುತ್ತೇವೆ. ಸರ್ಕಾರ್ ಅವರ ಹೋಲಿಕೆಯೂ ಹಾಗೆಯೇ. ಮುದ್ರಣ, ಹೊಸ ವಿದ್ಯೆ, ಹಳೆಯ ಗ್ರಂಥಗಳ ಮರುಓದು ಎರಡೂ ಕಡೆ ಇವೆ. ಆದರೆ ವೆನಿಸ್ಸಿನ ವರ್ತಕರು ತಮ್ಮ ನಗರವನ್ನು ತಾವೇ ಆಳುತ್ತಿದ್ದರು; ಕಲ್ಕತ್ತೆಯನ್ನು ಆಳಿದ್ದು ಕಂಪನಿ. 1793ರ ಖಾಯಂ ಜಮೀನ್ದಾರಿ ಪದ್ಧತಿಯ ನಂತರ ಇಲ್ಲಿನ ಅನೇಕ ಹಣವಂತರು ವ್ಯಾಪಾರದ ಗಳಿಕೆಯನ್ನು ಜಮೀನಿಗೆ ಹಾಕಿದರು. ನಗರದ ಹೊಸ ವಿದ್ಯೆಗೆ ಹಳ್ಳಿಯ ರೈತ ಗೇಣಿ ಕಟ್ಟಿದ.

1970ರ ದಶಕದಲ್ಲಿ ಈ ಬಗೆಯ ಆಕ್ಷೇಪ ಎತ್ತಿದವರಲ್ಲಿ ಲೇಖಕರ ಮಗ, ಇತಿಹಾಸಕಾರ ಸುಮಿತ್ ಸರ್ಕಾರ್ ಕೂಡ ಒಬ್ಬರು. ರಾಮಮೋಹನ ರಾಯರು ತಂದ ಬದಲಾವಣೆಗೆ ವಸಾಹತು ಆಡಳಿತವೇ ಮಿತಿ ಹಾಕಿತ್ತೆಂದು ಅವರು ತೋರಿಸಿದರು.

ಹಾಗೆಂದು ನಡೆದದ್ದೆಲ್ಲ ಪೊಳ್ಳಲ್ಲ. 1823ರಲ್ಲಿ ಪತ್ರಿಕೆಗಳಿಗೆ ಲೈಸೆನ್ಸ್ ಕಡ್ಡಾಯವಾದಾಗ ರಾಯರು ಪ್ರತಿಭಟಿಸಿ ತಮ್ಮ ಪರ್ಶಿಯನ್ ವಾರಪತ್ರಿಕೆಯನ್ನೇ ನಿಲ್ಲಿಸಿದರು. 1829ರಲ್ಲಿ ಸತಿ ನಿಷೇಧವಾಯಿತು. 1856ರಲ್ಲಿ ವಿದ್ಯಾಸಾಗರರ ಹೋರಾಟದಿಂದ ವಿಧವೆಯರ ಮರುಮದುವೆಗೆ ಕಾನೂನು ಬಂತು. ಇವುಗಳ ಬೆಲೆ ತಿಳಿಯಲು ಇಟಲಿಯ ಸರ್ಟಿಫಿಕೇಟ್ ಬೇಕಿಲ್ಲ.

ಇದು ಬಂಗಾಳಿಗಳ ಮನೆಯ ಜಗಳವೆಂದು ನಾವು ಸುಮ್ಮನಿರುವಂತಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಇಲ್ಲೇ ಹತ್ತಿರದ, ಹೂಗ್ಲಿ ದಡದ ಶ್ರೀರಾಮಪುರದಲ್ಲಿ. ಲೂಥರನ 1517ರ ಪ್ರತಿಭಟನೆಗೆ ಆಗ ಸರಿಯಾಗಿ 300 ವರ್ಷ. ಲೂಥರನ ಮಾತನ್ನು ಅಚ್ಚಿನ ಯಂತ್ರ ಜರ್ಮನ್ ಜನಕ್ಕೆ ಅವರದೇ ಭಾಷೆಯಲ್ಲಿ ಮುಟ್ಟಿಸಿತು. ಕೇರಿಯ ಪುಸ್ತಕ ಕನ್ನಡವನ್ನು ವಿವರಿಸಿದ್ದು ಇಂಗ್ಲಿಷಿನಲ್ಲಿ, ಕನ್ನಡ ಕಲಿಯಬೇಕಿದ್ದ ಹೊರಗಿನವರಿಗೆ. ಯಂತ್ರ ಬಂತೆಂದ ಮಾತ್ರಕ್ಕೆ ಯುಗ ಬದಲಾಯಿತು ಎನ್ನಲಾಗದು.

ನಾವೂ ಶರಣರ ಚಳವಳಿಯನ್ನು ‘ನಮ್ಮ ರಿಫರ್ಮೇಶನ್’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಶರಣರು ಲೂಥರನಿಗಿಂತ ಸುಮಾರು ಮೂರೂವರೆ ಶತಮಾನ ಮೊದಲಿನವರು. ಹಿರಿಯರನ್ನು ಕಿರಿಯನ ಅಂಗಿ ತೊಡಿಸಿ ಏಕೆ ನಿಲ್ಲಿಸಬೇಕು?

ಮುಂದಿನ ಸಲ ನೆಂಟರಿಗೆ ರಿನೈಸಾನ್ಸ್ ಎನ್ನುವುದಿಲ್ಲ. ಇಲ್ಲಿ ಏನು ಬದಲಾಯಿತು, ಅದರ ಖರ್ಚು ಯಾರು ಕೊಟ್ಟರು ಎಂದು ಹೇಳಲು ಪ್ರಯತ್ನಿಸುತ್ತೇನೆ.