ಕೋಡಿಮಠದ ಶಾಸನ: ಓದು, ಊಟ, ಔಷಧ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಒಂದು ಕಾಲಕ್ಕೆ ಬನವಾಸಿ ಪನ್ನಿರ್ಚಾಸಿರ (ಹನ್ನೆರಡು ಸಾವಿರ) ನಾಡಿನ ರಾಜಧಾನಿ. ಅಲ್ಲಿ ಕೇದಾರೇಶ್ವರ ದೇಗುಲಕ್ಕೆ ಸೇರಿದ ಕಾಳಾಮುಖ ಶೈವರ ಕೋಡಿಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ಅದರ ಮುಖ್ಯ ಸಾಲುಗಳ ತಾತ್ಪರ್ಯವನ್ನು ಇಂದಿನ ಕನ್ನಡದಲ್ಲಿ ಇಟ್ಟುಕೊಂಡು ನೋಡೋಣ.

ಸಾಲು: ಅಂಗಸಹಿತ ನಾಲ್ಕು ವೇದಗಳನ್ನು ಓದುವ ಸ್ಥಾನ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳನ್ನು ವಿವರಿಸುವ ಸ್ಥಾನ.

ಶಾಕಟಾಯನ ಜೈನ, ರಾಷ್ಟ್ರಕೂಟ ಅಮೋಘವರ್ಷನ ಕಾಲದವನು. ಅವನ ವ್ಯಾಕರಣಕ್ಕೆ ಶೈವ ಮಠದಲ್ಲಿ ಪಾಠ ನಡೆಯುತ್ತಿತ್ತು! ಹಲವು ಮತದವರಿದ್ದ ಪಟ್ಟಣದಲ್ಲಿ ವಿದ್ಯೆಯ ಬಾಗಿಲು ಅಷ್ಟು ಅಗಲವಾಗಿತ್ತು.

ಸಾಲು: ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳ ಸ್ಥಾನ.

ಮಠದವರು ತಮ್ಮದೇ ಶೈವ ಮತವಾದ ಲಾಕುಲ ಸಿದ್ಧಾಂತದ ಜೊತೆಗೆ ಎದುರಾಳಿಯ ಮತವನ್ನೂ ಓದಿಸುತ್ತಿದ್ದರು. ವಾದಕ್ಕೆ ನಿಲ್ಲುವವನಿಗೆ ಅದು ಬೇಕೇ ಬೇಕು.

ಸಾಲು: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಬಾರಿಸುವವರು, ಕುಣಿಯುವವರು, ಕ್ಷಪಣಕರು, ಸಂನ್ಯಾಸಿಗಳು ಇವರಿಗೆಲ್ಲ ಅನ್ನ ನೀಡುವ ಸ್ಥಾನ.

ಇಲ್ಲಿ ತುಸು ನಿಲ್ಲಬೇಕು. ಕ್ಷಪಣಕರೆಂದರೆ ಜೈನ ಮುನಿಗಳು. ಅವರಿಗೂ ಇಲ್ಲಿ ಊಟವಿತ್ತು. ಕುಣಿಯುವವರು ಕುರುಡರ ಪಂಕ್ತಿಯಲ್ಲೇ ಬರುತ್ತಾರೆ. ಕಲಾವಿದರ ಹೊಟ್ಟೆಪಾಡನ್ನೂ ಪಟ್ಟಣ ತನ್ನ ಹೊಣೆಯೆಂದು ತಿಳಿದಿತ್ತು. ಇನ್ನೊಂದು ಮಾತು: ಅನ್ನದ ಸಾಲಿನಲ್ಲಿ ಉಣ್ಣುವ ಜನರ ಹೆಸರಿದೆ, ಓದಿನ ಸಾಲಿನಲ್ಲಿ ಬರೀ ಗ್ರಂಥಗಳ ಹೆಸರಿದೆ. ಯಾರ ಮಕ್ಕಳು ಕಲಿತರು, ಹೆಣ್ಣುಮಕ್ಕಳು ಕಲಿತರೇ, ದುಡಿಯುವ ಜಾತಿಗಳವರು ಒಳಗೆ ಕೂತರೇ ಎಂಬುದಕ್ಕೆ ಶಾಸನ ಬಾಯಿ ಬಿಡುವುದಿಲ್ಲ. ಆ ಮೌನ ನನ್ನನ್ನು ನೋಯಿಸುತ್ತದೆ. ಇದೇ ಕಾಲದಲ್ಲಿ ಕಲ್ಯಾಣದ ಶರಣರು ಆ ಪ್ರಶ್ನೆಯನ್ನು ಬಾಯಿಬಿಟ್ಟೇ ಕೇಳಿದ್ದರು.

ಸಾಲು: ಅನಾಥರಾದ ರೋಗಿಗಳಿಗೆ ಔಷಧ ಕೊಡುವ ಸ್ಥಾನ, ಸಕಲ ಜೀವಿಗಳಿಗೂ ಅಭಯ ನೀಡುವ ಸ್ಥಾನ.

ಮದ್ದಿನ ಸಾಲಿನ ಬೆನ್ನಿಗೇ ಅಭಯದ ಮಾತು. ಮನೆಮಂದಿ ಇಲ್ಲದ ರೋಗಿಗೆ ಮೊದಲು ಬೇಕಾದದ್ದು, ಯಾರೂ ತನ್ನನ್ನು ಹೊರಗೆ ಅಟ್ಟುವುದಿಲ್ಲ ಎಂಬ ಧೈರ್ಯ.

ಸಾಲು: ಬಿಜ್ಜಳ ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದಾಗ ರಾಜಗುರು ವಾಮಶಕ್ತಿಗೆ ದಾನ ಕೊಟ್ಟದ್ದು.

ಕಳಚುರಿ ಬಿಜ್ಜಳ ಚಾಲುಕ್ಯರ ಮಾಂಡಲಿಕನಾಗಿದ್ದು, ಒಡೆಯರ ರಾಜ್ಯವನ್ನೇ ಕೈವಶ ಮಾಡಿಕೊಂಡವನು. ಬನವಾಸಿ ನಾಡನ್ನು ಅವನ ಪರವಾಗಿ ನೋಡಿಕೊಳ್ಳುತ್ತಿದ್ದವನು ದಂಡನಾಯಕ ಕಸಪಯ್ಯ. ಹೊಸ ಒಡೆತನವನ್ನು ಜನ ಒಪ್ಪಬೇಕಾದರೆ, ಜನ ನಂಬಿದ ಮಠಕ್ಕೆ ಅರಸ ತಲೆಬಾಗಬೇಕಿತ್ತು. ಹಾಗೆಂದು ಈ ದಾನವನ್ನು ಬರೀ ರಾಜಕೀಯದ ಲೆಕ್ಕವೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಕಾರಣ ಏನೇ ಇರಲಿ, ಕುರುಡನಿಗೆ ಅನ್ನ ಸಿಕ್ಕಿತು, ರೋಗಿಗೆ ಮದ್ದು ಸಿಕ್ಕಿತು. ಆದರೆ ದತ್ತಿಯ ಹುಟ್ಟುವಳಿ ನಿಂತರೆ ಪಾಠವೂ ಮದ್ದೂ ಒಟ್ಟಿಗೇ ನಿಲ್ಲುತ್ತವೆ. ದಾನಶಾಸನಗಳ ಕೊನೆಯಲ್ಲಿ, ದಾನವನ್ನು ಕೆಡಿಸಿದವನಿಗೆ ಶಾಪ ಬರೆಯುತ್ತಿದ್ದದ್ದು ಮುಂದಿನ ಅರಸನೂ ಅಧಿಕಾರಿಯೂ ಇಂಥ ಏರ್ಪಾಟಿಗೆ ಕೈಹಾಕದಿರಲಿ ಎಂದೇ.