ಅಯಾನಿಕ ದ್ರವಗಳೂ ‘ಹಸಿರು’ ಎಂಬ ವಿಶೇಷಣವೂ

ನೀರಿನ ದ್ರಾವಣದಲ್ಲಿ ಬೆರೆತಿರುವ ಕಿಣ್ವಗಳನ್ನು ಬೇರ್ಪಡಿಸುವುದಕ್ಕೆ ಅಯಾನಿಕ ದ್ರವಗಳನ್ನು ಬಳಸುವ ವಿಚಾರವಾಗಿ ಹೊರಡುವ ಬರಹಗಳಲ್ಲಿ, ಇವಕ್ಕೆ ‘ಹಸಿರು ದ್ರಾವಕ’ಗಳೆಂಬ ಹೆಸರು ಮೇಲಿಂದ ಮೇಲೆ ಕಾಣುತ್ತದೆ. ಈ ವಿಶೇಷಣವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ವಸ್ತುವು ರಸಾಯನಶಾಸ್ತ್ರದ್ದಾದರೂ ಪದವು ಭಾಷೆಯದು. ಆದುದರಿಂದ ಸಾಹಿತ್ಯವಿಮರ್ಶಕನಿಗೂ ಇಲ್ಲಿ ಕೆಲಸವುಂಟು.

ಅಡಿಗೆಯ ಉಪ್ಪು ಕಾದು ದ್ರವವಾಗಬೇಕಾದರೆ ಸುಮಾರು 800 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. 100 ಡಿಗ್ರಿಗಿಂತ ಕೆಳಗೇ ದ್ರವವಾಗುವ ಲವಣಗಳಿಗೆ ಅಯಾನಿಕ ದ್ರವಗಳೆಂದು ಹೆಸರು. ಇಂಥದೊಂದನ್ನು, 12 ಡಿಗ್ರಿಯಲ್ಲಿಯೇ ಕರಗುವ ಈಥೈಲ್ ಅಮೋನಿಯಂ ನೈಟ್ರೇಟನ್ನು, ಪಾಲ್ ವಾಲ್ಡೆನ್ ಎಂಬ ವಿದ್ವಾಂಸನು 1914ರಲ್ಲಿ ವರ್ಣಿಸಿದನು. ನೀರಿನಲ್ಲಿ ಬೆರೆಯುವ ಅಯಾನಿಕ ದ್ರವಕ್ಕೆ ಪೊಟಾಸಿಯಂ ಫಾಸ್ಫೇಟನ್ನು ಕೂಡಿಸಿದರೆ ದ್ರಾವಣವು ಎರಡು ಪದರಗಳಾಗಿ ಒಡೆಯುವುದೆಂದು 2003ರಲ್ಲಿ ರಾಬಿನ್ ರೋಜರ್ಸ್ ಮತ್ತು ಅವರ ಸಂಗಡಿಗರು ತೋರಿಸಿದರು. ಎರಡು ಪದರಗಳಲ್ಲಿಯೂ ನೀರಿರುವುದರಿಂದ, ಸಾವಯವ ದ್ರಾವಕಗಳಲ್ಲಿ ಕೆಡುವಂಥ ಕಿಣ್ವವೂ ತನ್ನ ಶಕ್ತಿಯನ್ನು ಉಳಿಸಿಕೊಂಡು ಒಂದು ಪದರವನ್ನು ಸೇರಬಲ್ಲುದು. ಈ ಮಾರ್ಗದ ನಿಜವಾದ ಗುಣವಿದು.

ಇನ್ನು ವಿಶೇಷಣದ ಮಾತು. ‘ಹಸಿರು’ ಎಂಬಲ್ಲಿ ಬಣ್ಣವೆಂಬ ಮುಖ್ಯಾರ್ಥಕ್ಕೆ ಬಾಧೆಯುಂಟು, ನಿರಪಾಯವೆಂಬುದು ಲಕ್ಷ್ಯಾರ್ಥ. ಲಕ್ಷಣೆಯು ಸಲ್ಲಬೇಕಾದರೆ ಮುಖ್ಯಾರ್ಥದೊಡನೆ ಅದಕ್ಕೆ ಸಂಬಂಧವಿರಬೇಕೆಂದು ಆಲಂಕಾರಿಕರ ನಿಯಮ. ಇಲ್ಲಿ ತೋರಿಸುವ ಸಂಬಂಧವೇನು? ಈ ದ್ರವಗಳು ಬಹುಮಟ್ಟಿಗೆ ಆವಿಯಾಗವು, ಗಾಳಿಯನ್ನು ಕೆಡಿಸವು ಎಂಬುದು. ಗಾಳಿಗೆ ಹೋಗದುದು ನೀರಿಗೂ ಹೋಗದೆಂದು ಹೇಳಲಾದೀತೆ? ಇಮಿಡಜೋಲಿಯಂ ದ್ರವಗಳಲ್ಲಿ ಇಂಗಾಲದ ಸರಪಣಿ ನೀಳವಾದಷ್ಟೂ ಜಲಜೀವಿಗಳಿಗೆ ವಿಷವು ಸಾಮಾನ್ಯವಾಗಿ ಹೆಚ್ಚುತ್ತದೆ. ಹೆಕ್ಸಾಫ್ಲೋರೊಫಾಸ್ಫೇಟ್ ಉಳ್ಳ ದ್ರವವು ನೀರಿನೊಡನೆ ವಿಘಟಿಸಿ ಹೈಡ್ರೋಜನ್ ಫ್ಲೋರೈಡನ್ನು ಬಿಡಬಲ್ಲುದೆಂದು ಅದೇ 2003ರಲ್ಲಿ ರೋಜರ್ಸ್ ಮೊದಲಾದವರೇ ಎಚ್ಚರಿಸಿದ್ದರು. ಆವಿಯಾಗದಿರುವ ಗುಣವೇ ಮತ್ತೊಂದೆಡೆ ತೊಡಕಾಗುತ್ತದೆ: ಕಿಣ್ವವು ಸೇರಿದ ಪದರದಿಂದ ದ್ರವವನ್ನು ಬಟ್ಟಿಯಿಳಿಸಿ ತೆಗೆಯುವಂತಿಲ್ಲ, ಬೇರೆ ಉಪಾಯವನ್ನು ಹುಡುಕಬೇಕು.

ಜೀವದೇಹಗಳಲ್ಲಿಯೇ ಇರುವ ಕೋಲಿನ್ ಮುಂತಾದವುಗಳಿಂದ ಸೌಮ್ಯವಾದ ದ್ರವಗಳನ್ನೂ ಮಾಡಿದ್ದಾರಲ್ಲ ಎಂದು ಆಕ್ಷೇಪಿಸಬಹುದು. ಅದು ನಿಜ. ಆದರೆ ಅಲ್ಲಿಯೂ ಜೊತೆಗಿರುವ ಋಣ ಅಯಾನು ಯಾವುದೆಂದು ನೋಡಿಯೇ ತೀರ್ಪು ಹೇಳಬೇಕು. ವ್ಯಕ್ತಿಯಲ್ಲಿ ಕಂಡ ಗುಣವನ್ನು ಇಡೀ ಜಾತಿಗೆ ಆರೋಪಿಸುವುದು ತರ್ಕದೋಷ.

ಆದುದರಿಂದ ಈ ವರ್ಗವನ್ನೆಲ್ಲ ಕನ್ನಡದಲ್ಲಿ ‘ಆವಿಯಾಗದ ದ್ರಾವಕ’ಗಳೆಂದು ಕರೆದು, ‘ಹಸಿರು’ ಎಂಬುದನ್ನು ಪರೀಕ್ಷೆಯಲ್ಲಿ ಗೆದ್ದ ದ್ರವಕ್ಕೆ ಮೀಸಲಿಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಹೆಸರನ್ನು ನಂಬಿದ ವಿದ್ಯಾರ್ಥಿಯು ಉಳಿದ ದ್ರವವನ್ನು ನಿಶ್ಚಿಂತೆಯಿಂದ ಬಚ್ಚಲಿಗೆ ಸುರಿದರೆ, ಆ ತಪ್ಪಿನಲ್ಲಿ ಹೆಸರಿಟ್ಟವರಿಗೂ ಪಾಲುಂಟು.