ಮನವೆಂಬ ಮಂಗನೂ ಶ್ರುತವೆಂಬ ಮರವೂ: ‘ಆತ್ಮಾನುಶಾಸನ’ದ ಒಂದು ರೂಪಕವನ್ನು ಕುರಿತು

ಸಾಮಾಯಿಕಕ್ಕೆ ಕುಳಿತ ಶ್ರಾವಕನ ಚಿತ್ತಚಾಂಚಲ್ಯವನ್ನು ಕುರಿತು ಬಸದಿಗಳಲ್ಲಿ ನಡೆಯುವ ಪ್ರವಚನಗಳಲ್ಲಿ ಮಂಗನ ಉಪಮೆ ಬಾರದೆ ಇರುವುದು ಅಪರೂಪ. ಮನಸ್ಸು ಮಂಗ, ಅದನ್ನು ಕಟ್ಟಿಹಾಕಬೇಕು, ಕಟ್ಟಲಾರದವನ ಸಾಮಾಯಿಕ ವ್ಯರ್ಥ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೇಳಿದವರು ತಲೆದೂಗಿ ಮನೆಗೆ ಹೋಗುತ್ತಾರೆ. ಮರುದಿನ ಕುಳಿತಾಗ ಮನಸ್ಸು ಎಂದಿನಂತೆ ಓಡುತ್ತದೆ. ಕೆಲವು ದಿನಗಳಲ್ಲಿ ‘ಇದು ತನ್ನಿಂದಾಗದು’ ಎಂದು ಆಸನವನ್ನೇ ಮಡಿಸಿಡುತ್ತಾರೆ. ಉಪಮೆಯನ್ನು ಅರ್ಧಕ್ಕೆ ನಿಲ್ಲಿಸಿದ್ದರ ಫಲವಿದು. ಅದರ ಉಳಿದರ್ಧ ಗುಣಭದ್ರಾಚಾರ್ಯರ ‘ಆತ್ಮಾನುಶಾಸನ’ದಲ್ಲಿದೆ.

ಗುಣಭದ್ರರು ಒಂಬತ್ತನೆಯ ಶತಮಾನದವರು, ಜಿನಸೇನಾಚಾರ್ಯರ ಶಿಷ್ಯರು, ಗುರುಗಳು ಅಪೂರ್ಣವಾಗಿ ಬಿಟ್ಟ ಮಹಾಪುರಾಣವನ್ನು ಪೂರ್ಣಗೊಳಿಸಿದವರು. ಅವರ ‘ಉತ್ತರಪುರಾಣ’ಕ್ಕೆ ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಬಂಕಾಪುರದಲ್ಲಿ ಪೂಜೆ ಸಂದಿತೆಂದು ಅದರ ಪ್ರಶಸ್ತಿ ಹೇಳುತ್ತದೆ. ಮುಂಡಗೋಡಿನಿಂದ ಬಂಕಾಪುರ ಹೆಚ್ಚು ದೂರವಿಲ್ಲ. ಆದರೂ ಆ ಭಾಗದ ಶ್ರಾವಕರ ಮನೆಗಳಲ್ಲಿ ಈ ಆಚಾರ್ಯರ ಹೆಸರು ಪುರಾಣಕ್ಕೆ ಸಂಬಂಧಿಸಿ ಮಾತ್ರ ಕೇಳಿಬರುತ್ತದೆ. ಸುಮಾರು 270 ಶ್ಲೋಕಗಳ ‘ಆತ್ಮಾನುಶಾಸನ’ವನ್ನು ಬಿಚ್ಚಿ ನೋಡಿದವರು ವಿರಳ.

ಅಲ್ಲಿ ಆಚಾರ್ಯರು ಮಂಗನಿಗೆ ಹಗ್ಗವನ್ನು ಹೇಳಿಲ್ಲ, ಮರವನ್ನು ಹೇಳಿದ್ದಾರೆ. ಆ ಮರ ಶ್ರುತಸ್ಕಂಧ. ಅನೇಕಾಂತಾತ್ಮಕವಾದ ಅರ್ಥಗಳು ಅದರ ಹೂವು ಹಣ್ಣುಗಳು, ವಚನಗಳು ಎಲೆಗಳು, ನಯಗಳು ನೂರಾರು ಕೊಂಬೆಗಳು, ಹರಡಿದ ಮತಿಜ್ಞಾನವೇ ಬೇರು. ಬುದ್ಧಿವಂತನು ತನ್ನ ಮನವೆಂಬ ಮಂಗನನ್ನು ದಿನವೂ ಈ ಮರದ ಮೇಲೆ ಆಡಗೊಡಲಿ ಎಂಬುದು ತಾತ್ಪರ್ಯ. ನೆಗೆಯುವುದು ಮಂಗನ ಸ್ವಭಾವವೆಂಬುದನ್ನು ಆಚಾರ್ಯರು ಒಪ್ಪಿಕೊಂಡಿದ್ದಾರೆ; ನೆಗೆತವನ್ನು ನಿಂದಿಸಿಲ್ಲ, ನೆಗೆಯುವ ಸ್ಥಳವನ್ನು ಬದಲಿಸಿದ್ದಾರೆ. ಕಟ್ಟುವ ಮಾತು ಆ ಶ್ಲೋಕದಲ್ಲಿ ಎಲ್ಲಿಯೂ ಇಲ್ಲ.

ಇನ್ನೊಂದು ಮಂಗ ಮುಂಡಗೋಡಿನ ಸೀಮೆಯಲ್ಲೇ ಇದೆ. 1966ರಲ್ಲಿ ಅಲ್ಲಿ ಟಿಬೆಟ್ ನಿರಾಶ್ರಿತರ ವಸತಿ ಆರಂಭವಾಯಿತು. ಡ್ರೆಪುಂಗ್ ಮತ್ತು ಗಾದೆನ್ ಎಂಬ ಪ್ರಾಚೀನ ವಿಹಾರಗಳು ಅಲ್ಲಿ ಮರುಸ್ಥಾಪನೆಗೊಂಡವು. ಆ ಸಂಪ್ರದಾಯದಲ್ಲಿ ಚಿತ್ತಸ್ಥೈರ್ಯದ ಒಂಬತ್ತು ಹಂತಗಳನ್ನು ತೋರುವ ಪ್ರಸಿದ್ಧ ಚಿತ್ರವೊಂದುಂಟು. ತಿರುವುಗಳುಳ್ಳ ದಾರಿಯಲ್ಲಿ ಕರಿಯ ಆನೆಯೊಂದು ನಡೆಯುತ್ತದೆ, ಅದು ಮನಸ್ಸು; ಮುಂದೆ ಎಳೆದೊಯ್ಯುವ ಮಂಗ ಚಾಂಚಲ್ಯ; ಹಿಂದಿನಿಂದ ಭಿಕ್ಷು ಹಗ್ಗ, ಅಂಕುಶ ಹಿಡಿದು ಓಡುತ್ತಾನೆ. ಹಂತ ಹಂತವಾಗಿ ಆನೆ ಬೆಳ್ಳಗಾಗುತ್ತದೆ, ಮಂಗ ಹಿಂದೆ ಬೀಳುತ್ತದೆ, ದಾರಿಯ ಪಕ್ಕದ ಬೆಂಕಿ, ಅಂದರೆ ಪ್ರಯತ್ನ, ಕಡಿಮೆಯಾಗುತ್ತದೆ. ಗಮನಿಸಬೇಕಾದದ್ದು ದಾರಿಯ ಬದಿಯ ಒಂದು ಹಣ್ಣಿನ ಮರ. ಅದರಲ್ಲಿ ಮಂಗ ಹಣ್ಣು ಕೀಳುತ್ತಿರುತ್ತದೆ. ಶುಭವಾದ ಆಲೋಚನೆಗಳು ಬೇರೆ ಹೊತ್ತಿನಲ್ಲಿ ಒಳ್ಳೆಯವೇ, ಆದರೆ ಚಿತ್ತವನ್ನು ನೆಲೆಗೊಳಿಸುವಾಗ ಅವೂ ವಿಕ್ಷೇಪವೇ ಎಂಬುದು ಅವರ ವ್ಯಾಖ್ಯಾನ.

ಅದೇ ಮಂಗ, ಅದೇ ಹಣ್ಣಿನ ಮರ. ತೀರ್ಪು ಮಾತ್ರ ತಿರುಗುಮುರುಗು! ಹಾಗಾದರೆ ಗುಣಭದ್ರರ ರೂಪಕ ಧ್ಯಾನಕ್ಕೆ ಸಲ್ಲದೆ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆ ಶ್ಲೋಕದ ನೇರ ವಿಷಯ ಸ್ವಾಧ್ಯಾಯವೇ ಹೊರತು ಸಾಮಾಯಿಕವಲ್ಲ; ಕೊಂಬೆಯಿಂದ ಕೊಂಬೆಗೆ ಹಾರುವುದು ಏಕಾಗ್ರತೆಯೂ ಅಲ್ಲ. ಅದನ್ನು ಸಾಮಾಯಿಕದ ಉಪದೇಶವಾಗಿ ಬಳಸುವ ಪ್ರವಚನಕಾರರು ಇದನ್ನು ಹೇಳದೆ ಬಿಡುವುದು ತಪ್ಪು. ಆದರೆ ಜೈನಶಾಸ್ತ್ರದಲ್ಲಿ ಧರ್ಮ್ಯಧ್ಯಾನದ ನಾಲ್ಕು ಭೇದಗಳೂ ‘ವಿಚಯ’ಗಳು: ಆಜ್ಞಾ, ಅಪಾಯ, ವಿಪಾಕ, ಸಂಸ್ಥಾನ. ಎಲ್ಲವೂ ಒಂದು ವಿಷಯವನ್ನು ಹಿಡಿದು ಮಾಡುವ ವಿಚಾರಣೆಗಳು. ಗೃಹಸ್ಥನಿಗೆ ನಿರ್ವಿಚಾರ ಸ್ಥಿತಿಯನ್ನು ಮೊದಲ ದಿನವೇ ಯಾರೂ ವಿಧಿಸಿಲ್ಲ. ಮರವನ್ನು ಬಲ್ಲ ಮಂಗ ಕಡೆಗೆ ಒಂದು ಕೊಂಬೆಯಲ್ಲಿ ಕೂರುತ್ತದೆ. ಮರವನ್ನೇ ಕಾಣದ ಮಂಗ ಬೀದಿಗಿಳಿಯುತ್ತದೆ.

ಶಾಸ್ತ್ರಕಾರರು ಮಾನವನ ಅಳತೆಯನ್ನು ಬಲ್ಲವರು. ಉತ್ತಮ ಸಂಹನನವುಳ್ಳವನಿಗೂ ಧ್ಯಾನ ನಿಲ್ಲುವುದು ಅಂತರ್ಮುಹೂರ್ತ ಮಾತ್ರ ಎಂದು ‘ತತ್ತ್ವಾರ್ಥಸೂತ್ರ’ದ ಒಂಬತ್ತನೆಯ ಅಧ್ಯಾಯ ಹೇಳುತ್ತದೆ, ಮುಹೂರ್ತವೆಂದರೆ 48 ನಿಮಿಷ. ವಜ್ರದಂತಹ ದೇಹದವರಿಗೇ ಇಷ್ಟು ಮಿತಿಯಿರುವಾಗ, ಪಂಚಮಕಾಲದ ಕಿರಾಣಿ ವ್ಯಾಪಾರಿಯಿಂದ ಅಲುಗಾಡದ ಎರಡು ಘಳಿಗೆಯನ್ನು ಬೇಡುವ ಉಪದೇಶಕರು ಯಾವ ಆಗಮವನ್ನು ಓದಿದ್ದಾರೆ? ಈ ಕಾಲದಲ್ಲಿ ಧ್ಯಾನವೇ ಇಲ್ಲವೆನ್ನುವವರನ್ನೂ ಕುಂದಕುಂದಾಚಾರ್ಯರು ‘ಮೋಕ್ಷಪಾಹುಡ’ದಲ್ಲಿ ಒಪ್ಪಿಲ್ಲ. ಅದೇ ಸೂತ್ರಗ್ರಂಥದ ಏಳನೆಯ ಅಧ್ಯಾಯದಲ್ಲಿ ಮನಸ್ಸಿನ ದುಷ್ಪ್ರಣಿಧಾನ ಸಾಮಾಯಿಕದ ಐದು ಅತಿಚಾರಗಳಲ್ಲಿ ಒಂದು. ಅತಿಚಾರವೆಂದರೆ ವ್ರತಕ್ಕೆ ತಗಲಿದ ಕೊಳೆ, ವ್ರತಭಂಗವಲ್ಲ. ಸಾಮಾಯಿಕದ ಹೊತ್ತಿಗೆ ಅನೇಕರು ಪಠಿಸುವ ಅಮಿತಗತಿ ಆಚಾರ್ಯರ ದ್ವಾತ್ರಿಂಶತಿಕೆಯಲ್ಲಿ ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂಬ ನಾಲ್ಕು ಮೆಟ್ಟಿಲುಗಳಿವೆ. ಮನಸ್ಸು ಕದಡಿದೊಡನೆಯೇ ನಾಲ್ಕನೆಯ ಮೆಟ್ಟಿಲಿನ ಶಿಕ್ಷೆಯನ್ನು ಸಾರುವುದು ನ್ಯಾಯವಲ್ಲ.

ಅಟ್ಟುವ ಉಪಾಯದ ಮಿತಿಯನ್ನು ಹಳಿಯಾಳ, ಮುಂಡಗೋಡಿನ ರೈತರು ಪಂಡಿತರಿಗಿಂತ ಚೆನ್ನಾಗಿ ಬಲ್ಲರು. ಭತ್ತ ತೆನೆಗೂಡುವ ಕಾಲಕ್ಕೆ ದಾಂಡೇಲಿ ಕಡೆಯ ಕಾಡಿನ ಆನೆಗಳು ಗದ್ದೆಗೆ ಇಳಿಯುತ್ತವೆ. ತಗಡು ಬಡಿದು ಅಟ್ಟಿದ ಆನೆ ಕಾಡಿಗೆ ಮರಳುವುದಕ್ಕಿಂತ ಪಕ್ಕದ ಗದ್ದೆಗೆ ಹೊಗುವುದೇ ಹೆಚ್ಚು.

ಹಳಿಯಾಳದ ಪೇಟೆಯ ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಬಹುದು. ಬೆಳಗಿನ ಜಾವ ಕುಳಿತು ಣಮೋಕಾರವನ್ನು ಮೂರು ಸಲ ಹೇಳುವಷ್ಟರಲ್ಲಿ ಆತನ ಮನಸ್ಸು ಉದ್ರಿಯ ವಹಿಗೆ ಹೋಗುತ್ತದೆ. ಬಾಕಿ ಮುಳುಗೀತೆಂಬ ಅಳಲಾದರೆ ಅದು ಆರ್ತಧ್ಯಾನ. ಬಾಕಿದಾರನನ್ನು ಹಣಿಯುವ ಹಂಚಿಕೆಯಾದರೆ ರೌದ್ರ. ಹೆಸರು ಹಿಡಿದು ಗುರುತಿಸಿದ ಕ್ಷಣವೇ ಆ ಓಟ ಅಪಾಯವಿಚಯದ ವಸ್ತುವಾಗುತ್ತದೆ. ಕಿರ್ದಿಯಲ್ಲಿ ತಪ್ಪು ಬಿದ್ದ ರಕಮನ್ನು ಕಂಡವನು ವಹಿಯನ್ನು ಹರಿಯುವುದಿಲ್ಲ, ತಿದ್ದಿ ಮುಂದೆ ಬರೆಯುತ್ತಾನೆ. ಇನ್ನೊಂದು ಬಗೆಯ ಓಟವೂ ಉಂಟು. ಮನಸ್ಸು ಮತ್ತೆ ಮತ್ತೆ ತಕ್ಕಡಿಗೇ ಹೋಗುತ್ತಿದ್ದರೆ? ತೂಕದ ಹೆಚ್ಚುಕಡಿಮೆ ಅಚೌರ್ಯಾಣುವ್ರತದ ಅತಿಚಾರವೆಂದು ಅದೇ ಏಳನೆಯ ಅಧ್ಯಾಯದಲ್ಲಿದೆ. ಅಂಥ ಚಾಂಚಲ್ಯಕ್ಕೆ ಆಸನದ ಮೇಲೆ ಮದ್ದಿಲ್ಲ. ಅಂಗಡಿಯ ಬಾಗಿಲು ತೆಗೆದ ಮೇಲೆ ಕಲ್ಲನ್ನೇ ಬದಲಿಸಬೇಕು. ಈ ಮಾತನ್ನು ಪ್ರವಚನಗಳು ಏಕೋ ಆಡುವುದಿಲ್ಲ. ಚಿತ್ತವನ್ನು ಬೈಯುವುದು ಸುಲಭ. ಎದುರಿಗೆ ಕುಳಿತ ದಾನಿಗಳ ತಕ್ಕಡಿಯನ್ನು ಮಾತಿಗೆ ಎತ್ತಿಕೊಳ್ಳುವುದು ಕಷ್ಟ.

ಗುಣಭದ್ರರ ರೂಪಕದಲ್ಲಿ ಕೊರತೆಯೂ ಇದೆ. ಮರ ಇರುವವನಿಗೆ ಮಾತ್ರ ಅದು ಉಪಯುಕ್ತ. ಶ್ರುತದ ಪರಿಚಯವೇ ಇಲ್ಲದ ಶ್ರಾವಕನು ಮಂಗನನ್ನು ಎಲ್ಲಿಗೆ ಹತ್ತಿಸಬೇಕು? ಆಚಾರ್ಯರು ವಿದ್ವಾಂಸರ ನಡುವೆ ಇದ್ದವರು, ‘ಬುದ್ಧಿವಂತ’ನನ್ನು ಉದ್ದೇಶಿಸಿ ಬರೆದರು. ಇಂದಿನ ಕೊರತೆಗೆ ಅವರನ್ನು ಹೊಣೆ ಮಾಡಲಾಗದು. ಎಷ್ಟೋ ಬಸದಿಗಳಲ್ಲಿ ಗ್ರಂಥಗಳ ಕಪಾಟು ತೆರೆಯುವುದು ಶ್ರುತಪಂಚಮಿಯಂದು, ಅದೂ ಅರ್ಚನೆಗಾಗಿ. ಮರಕ್ಕೆ ಹೂವೇರಿಸಿ ಬೀಗ ಹಾಕಲಾಗುತ್ತದೆ. ಹತ್ತುವವರಿಗೆ ಬೀಗದ ಕೈ ಸಿಗುವುದಿಲ್ಲ.

ಸಾಮಾಯಿಕದ ಸ್ಥಳದ ವಿಷಯದಲ್ಲಿ ಸಮಂತಭದ್ರಾಚಾರ್ಯರು ಉದಾರಿಗಳು: ವಿಕ್ಷೇಪವಿಲ್ಲದ ಏಕಾಂತವಿದ್ದರೆ ಕಾಡಾಗಲಿ, ಮನೆಯಾಗಲಿ, ಚೈತ್ಯಾಲಯವಾಗಲಿ ಸಲ್ಲುತ್ತದೆ. ಜೋಯಿಡಾದವರಿಗೆ ಕಾಡು ಮನೆಯ ಹಿಂದೆಯೇ ಇದೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವವನಿಗೆ ಮನೆಯ ಮೂಲೆ ಸಾಕು. ಆತನಿಗೆ ಬೇಕಾಗಿರುವುದು ಕುಳಿತುಕೊಳ್ಳುವ ಮೊದಲು ಓದಲು ಕನ್ನಡ ಅರ್ಥವಿರುವ ನಾಲ್ಕು ಪುಟ. ಆ ಕಪಾಟಿನ ಬೀಗದ ಕೈ ಟ್ರಸ್ಟಿನವರ ಹತ್ತಿರ ಇದೆ.